ಹಲ್ಲೂರಿದ ಜಾಗ

ಕ್ಲಾರಿನೆಟ್ ಊದುವವರ ಮೇಲಿನ ಎರಡು ಮುಂಬಲ್ಲುಗಳು ಮೌತ್‌ಪೀಸಿನ ಇಳಿಜಾರು ಬೆನ್ನಿನ ಮೇಲೆ ಕೂರುತ್ತವೆ. ಕೆಳಗಿನ ತುಟಿ ಒಳಕ್ಕೆ ಮಡಚಿಕೊಂಡು ಸದ್ದು ಹೊರಡಿಸುವ ಜೊಂಡಿನ ತೆಳು ಪಟ್ಟಿಗೆ, ಅಂದರೆ ರೀಡಿಗೆ, ಮೆತ್ತೆಯಾಗುತ್ತದೆ. ಮೌತ್‌ಪೀಸು ಗಟ್ಟಿ ರಬ್ಬರಿನದು. ಆದರೂ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಹಲ್ಲೂರಿದರೆ ಅಲ್ಲಿ ಎರಡು ಗುಳಿ ಬೀಳುತ್ತವೆ. ಅದನ್ನು ತಪ್ಪಿಸಲು ಹೆಚ್ಚಿನವರು ಮೇಲೊಂದು ತೆಳು ರಬ್ಬರ್ ತುಣುಕು ಅಂಟಿಸಿಕೊಳ್ಳುತ್ತಾರೆ. ಅಗ್ನಿಶಾಮಕ ದಳದ ಬ್ಯಾಂಡಿನ ಮೊದಲ ಕ್ಲಾರಿನೆಟ್ ವಾದಕ ಅಂಟಿಸಿರಲಿಲ್ಲ. ಅವನ ಮೌತ್‌ಪೀಸಿನ ಮೇಲಿದ್ದ ಗುಳಿಗಳು ಅವನ ಹಲ್ಲಿನವಲ್ಲ, ಅವನ ಹೆಂಡತಿಯವು.

ಹೆಂಡತಿ ಆ ಬ್ಯಾಂಡಿಗೆ ಸಂಗೀತ ಕಲಿಸುತ್ತಿದ್ದವಳು. ಇವನು ಏಣಿ ಹತ್ತಿ ನೀರು ಹೊಡೆಯುವ ತಂಡದಲ್ಲಿದ್ದ. ಭುಜದ ಕೀಲು ತಪ್ಪಿದ ಮೇಲೆ ಬ್ಯಾಂಡಿಗೆ ಹಾಕಿದರು. ಮೊದಲ ದಿನ ಅವನ ಕ್ಲಾರಿನೆಟ್‌ನಿಂದ ಬಂದ ಕೀಚಲು ಸದ್ದು ಕೇಳಿ ಅವಳು ಅವನಿಗೆ 'ಪೀಪಿ' ಅಂತ ಹೆಸರಿಟ್ಟಳು. ಅದೇ ನಿಂತಿತು. ಅವನು ಅವಳನ್ನು 'ಮೇಷ್ಟ್ರೇ' ಅನ್ನುತ್ತಿದ್ದ, ಮದುವೆಯಾದ ಮೇಲೂ. ಆರು ವರ್ಷದ ಹಿಂದೆ ಅವಳು ಬೇರೆ ಊರಿನ ಸಂಗೀತ ಶಾಲೆಗೆ ಕೆಲಸಕ್ಕೆ ಹೋದಳು. ಜಗಳವಾಗಿರಲಿಲ್ಲ. 'ನೀನೂ ಬಾ' ಅಂತ ಅವಳು ಕರೆಯಲಿಲ್ಲ, 'ಹೋಗಬೇಡ' ಅಂತ ಇವನು ತಡೆಯಲಿಲ್ಲ. ಮೇಜಿನ ಖಾನೆಯಲ್ಲಿ ತನ್ನ ಹಳೆಯ ಮೌತ್‌ಪೀಸ್ ಬಿಟ್ಟುಹೋಗಿದ್ದಳು. ಇವನು ಅದನ್ನು ತೊಳೆದು ತನ್ನ ಕ್ಲಾರಿನೆಟ್‌ಗೆ ಸಿಕ್ಕಿಸಿಕೊಂಡ.

ಅವಳ ಎಡಗಡೆಯ ಮುಂಬಲ್ಲು ಸ್ವಲ್ಪ ತಿರುಗಿಕೊಂಡಿತ್ತು. ಹಾಗಾಗಿ ಎಡಗಡೆಯ ಗುಳಿಯೂ ಓರೆ. ಇವನ ಹಲ್ಲು ಅವಳ ಹಲ್ಲಿಗಿಂತ ಅಗಲ. ಗುಳಿಯಲ್ಲಿ ಕೂರಿಸಬೇಕಾದರೆ ತಲೆಯನ್ನು ಒಂದಿಷ್ಟು ಬಲಕ್ಕೆ ವಾಲಿಸಿ, ಅಂಚಿನಿಂದ ಒತ್ತಿ ಹಿಡಿಯಬೇಕು. ಬ್ಯಾಂಡಿನಲ್ಲಿ ಅವನ ಹಿಂದೆಯೇ ನಿಲ್ಲುವ ಡ್ರಮ್ಮಿನವನು ಇದನ್ನು ಎಂದೋ ಗಮನಿಸಿದ್ದ.

"ಯಾರೋ ಕಿವೀಲಿ ಗುಟ್ಟು ಹೇಳ್ತಿದಾರೆ ಅನ್ನೋ ಹಂಗೆ ತಲೆ ವಾಲಿಸ್ತೀಯಲ್ಲೋ ಪೀಪಿ! ಏನಂತೆ?"

"ನಿನ್ನ ತಾಳ ಓಡ್ತಿದೆಯಂತೆ."

"ನಂದು ಓಡ್ತಿಲ್ಲ, ನೀವೆಲ್ಲ ಹಿಂದೆ ಬಿದ್ದಿದೀರಿ."

ಗುಟ್ಟು ಅನ್ನುವುದು ಪೂರ್ತಿ ಸುಳ್ಳೂ ಅಲ್ಲ. ಹಲ್ಲು ನೇರವಾಗಿ ಮೌತ್‌ಪೀಸಿಗೆ ತಗುಲಿದರೆ ಅದರ ಕಂಪನ ಹಲ್ಲಿನಿಂದ ದವಡೆಯ ಮೂಳೆಗೆ, ಮೂಳೆಯಿಂದ ಕಿವಿಯ ಒಳಭಾಗಕ್ಕೆ ಹೋಗುತ್ತದೆ. ಊದುವವನಿಗೆ ತನ್ನ ಸ್ವರ ಎರಡು ಸಲ ಕೇಳುತ್ತದೆ: ಹೊರಗಿನಿಂದ ಒಂದು, ತಲೆಯೊಳಗಿನಿಂದ ಒಂದು. ರಬ್ಬರ್ ತುಣುಕು ಅಂಟಿಸುವವರನ್ನು ಕಂಡರೆ ಹೆಂಡತಿಗೆ ಆಗುತ್ತಿರಲಿಲ್ಲ. 'ಕಿವಿಗೆ ಹತ್ತಿ ಇಟ್ಕೊಂಡು ಮಾತಾಡಿದ ಹಾಗೆ' ಅನ್ನುತ್ತಿದ್ದಳು. ಅವಳ ಹಲ್ಲೂರಿದ ಜಾಗದಲ್ಲಿ ತನ್ನ ಹಲ್ಲೂರಿ, ಆ ಒಳಗಿನ ಸ್ವರ ಕೇಳುತ್ತ ಅವನು ಆರು ವರ್ಷ ಊದಿದ. ದಿನಕ್ಕೊಮ್ಮೆಯಾದರೂ ಅವಳಿದ್ದ ಕಡೆ ಇದ್ದು ಬಂದಂತಾಗುತ್ತಿತ್ತು.

ಒಳಗಿನ ಸ್ವರ ಮೊದಲು ಮಂಕಾಯಿತು. ಕ್ಲಾರಿನೆಟ್ ಒಡೆದಿದೆಯೇನೋ ಅಂತ ಬಿಚ್ಚಿ ನೋಡಿದ. ರೀಡ್ ಬದಲಿಸಿದ. ಆಮೇಲೆ ಒಂದು ಅಭ್ಯಾಸದ ಕೊನೆಗೆ ಮೌತ್‌ಪೀಸ್ ಒರೆಸುವಾಗ ಬಟ್ಟೆಯ ಮೇಲೆ ರಕ್ತದ ಗೆರೆ ಕಂಡಿತು. ರಕ್ತ ಹೊಸದಲ್ಲ, ಬ್ರಷ್ ಮಾಡುವಾಗ ಬರುತ್ತಲೇ ಇತ್ತು. ಅದಕ್ಕೆಂದೇ ಮುಂಬಲ್ಲುಗಳ ಹತ್ತಿರ ಬ್ರಷ್ ತಾಗಿಸುವುದನ್ನೇ ಕಡಿಮೆ ಮಾಡಿದ್ದ. ಆದರೆ ಅವತ್ತು ನಾಲಿಗೆಯಿಂದ ತಳ್ಳಿದಾಗ ಬಲಗಡೆಯ ಹಲ್ಲು ಅಲ್ಲಾಡಿತು.

ಅವನು ಕ್ಲಾರಿನೆಟ್ ಪೆಟ್ಟಿಗೆ ಮುಚ್ಚಿ ಅದರ ಮೇಲೆ ಕೈಯಿಟ್ಟು ಕೂತ. ಹಲ್ಲು ಹೋದರೆ ಕಟ್ಟಿಸಿಕೊಳ್ಳಬಹುದು, ಊಟಕ್ಕೆ ತೊಂದರೆಯಿಲ್ಲ. ಆದರೆ ಕಟ್ಟಿಸಿದ ಹಲ್ಲನ್ನು ಆ ಗುಳಿಯಲ್ಲಿಟ್ಟರೆ ಒಳಗೆ ಏನು ಕೇಳೀತು? ಕೋಲನ್ನು ಊರಿದ ಹಾಗೆ ಅಷ್ಟೆ.

ಬ್ಯಾಂಡಿನ ಕೋಣೆಯ ಹೊರಗೆ ಡ್ರಮ್ಮಿನವನು ಹೊಸಬರಿಗೆ ನಾಯಿಯ ಕತೆ ಹೇಳುತ್ತಿದ್ದ. ಹಿಂದಿನ ವರ್ಷ ಪೆರೇಡಿನಲ್ಲಿ ಅವನ ಕೈಯಿಂದ ಕೋಲು ಜಾರಿತು. ಬೀದಿ ನಾಯಿಯೊಂದು ಅದನ್ನು ಕಚ್ಚಿಕೊಂಡು ಬ್ಯಾಂಡಿನ ಮುಂದೆ ಮುಂದೆ ಹೆಜ್ಜೆ ಹಾಕಿತು. ವೇದಿಕೆಯ ಮೇಲಿದ್ದ ದೊಡ್ಡ ಸಾಹೇಬರು ಕನ್ನಡಕ ಮರೆತು ಬಂದಿದ್ದರು. ಸಾಲಿನ ಮುಂದೆ ಬಂದದ್ದಕ್ಕೆಲ್ಲ ಸಲ್ಯೂಟ್ ಹೊಡೆದಂತೆ ನಾಯಿಗೂ ಹೊಡೆದರು. ಅವತ್ತು ಇಡೀ ಬ್ಯಾಂಡು ನಕ್ಕಿತು. ಪೀಪಿಯೂ ನಕ್ಕ. ಆದರೆ ನಗುವಿನ ನಡುವೆಯೇ 'ಇದನ್ನ ಅವಳಿಗೆ ಹೇಳಬೇಕು' ಅನ್ನಿಸಿತ್ತು. ಹೇಳಲಿಲ್ಲ. ಹಾಗೆ ಹೇಳದೆ ಉಳಿದ ನಗೆಮಾತುಗಳು ಅವನ ಹತ್ತಿರ ಬೇಕಾದಷ್ಟಿದ್ದವು.

*

ನಾದಿನಿ, ಅಂದರೆ ಹೆಂಡತಿಯ ತಂಗಿ, ಹಲ್ಲಿನ ಆಸ್ಪತ್ರೆಯೊಂದರ ಮುಂದಿನ ಕೌಂಟರಿನಲ್ಲಿ ಕೂತು ಬಂದವರನ್ನು ಒಳಗೆ ಕಳಿಸುವ ಕೆಲಸದಲ್ಲಿದ್ದಳು. ಅಕ್ಕ ದೂರವಾದರೂ ಅವಳು ಭಾವನನ್ನು ಬಿಟ್ಟಿರಲಿಲ್ಲ. ಇವನು ಗಾಜಿನ ಬಾಗಿಲು ತಳ್ಳಿಕೊಂಡು ಬಂದದ್ದನ್ನು ನೋಡಿ ಅವಳು ಎದ್ದೇ ನಿಂತಳು.

"ಏನ್ ಭಾವ, ದಾರಿ ತಪ್ಪಿ ಬಂದ್ರಾ? ಎಷ್ಟು ವರ್ಷದಿಂದ ಕರೀತಿದೀನಿ, ಒಂದ್ಸಲ ಬಾಯಿ ತೋರಿಸ್ಕೊಂಡು ಹೋಗಿ ಅಂತ."

"ಈಗ ಬಂದೆನಲ್ಲಮ್ಮ."

"ರಕ್ತಾನಾ?"

"ನಿಂಗೆ ಹೆಂಗೆ ಗೊತ್ತು?"

ಅವಳು ಚೀಟಿ ಬರೆದುಕೊಂಡಳು. ಸರದಿಯಲ್ಲಿದ್ದ ಇಬ್ಬರಿಗಿಂತ ಮೊದಲೇ ಅವನನ್ನು ಒಳಗೆ ಕಳಿಸಿದಳು. ಇಬ್ಬರೂ ಗೊಣಗಿದರು. "ಅಗ್ನಿಶಾಮಕ ದಳದವರು, ಅರ್ಜೆಂಟು" ಅಂದಳು.

ಒಸಡಿನ ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು. ಮಾತು ಕಡಿಮೆ. ತೆಳುವಾದ, ಗೆರೆ ಹಾಕಿದ ಕಡ್ಡಿಯೊಂದನ್ನು ಹಲ್ಲು ಮತ್ತು ಒಸಡಿನ ಸಂದಿಯಲ್ಲಿ ಇಳಿಸುತ್ತ, ಎಷ್ಟು ಮಿಲಿಮೀಟರ್ ಆಳ ಇಳಿಯಿತು ಅನ್ನುವುದನ್ನು ಸಹಾಯಕಿಗೆ ಗಟ್ಟಿಯಾಗಿ ಹೇಳುತ್ತ ಹೋದರು. ಹಿಂದಿನ ಹಲ್ಲುಗಳಲ್ಲಿ ಎರಡು, ಮೂರು ಅನ್ನುತ್ತಿದ್ದವರು ಮುಂದೆ ಬಂದಂತೆ ಐದು ಅಂದರು, ಆರು ಅಂದರು. ಬಲಗಡೆಯ ಮುಂಬಲ್ಲಿಗೆ ಬಂದಾಗ ಒಂದು ಕ್ಷಣ ತಡೆದು ಎಂಟು ಅಂದರು. ಆಮೇಲೆ ಎಕ್ಸ್‌ರೇ ತೆಗೆದು ಪರದೆಯ ಮೇಲೆ ತೋರಿಸಿದರು. ಬೆಳ್ಳಗಿನ ಹಲ್ಲುಗಳ ನಡುವೆ ಬೂದು ಬಣ್ಣದ ಮೂಳೆ ಎಲ್ಲಿರಬೇಕಿತ್ತೋ ಅಲ್ಲಿರಲಿಲ್ಲ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದು ಕಂಬಗಳ ಬುಡ ಕಾಣುವಂತೆ ಬೇರುಗಳು ಅರ್ಧಕ್ಕೆ ಬರಿದಾಗಿದ್ದವು.

"ಹುಳ ತಿಂದಿದೆಯಾ?" ಅಂತ ಕೇಳಿದ.

"ಹುಳವೂ ಅಲ್ಲ, ತಿಂದದ್ದೂ ಅಲ್ಲ" ಅಂದರು ಡಾಕ್ಟರು. "ಒಸಡಿನ ಕೆಳಗೆ ಪದರ ಕಟ್ಟಿಕೊಂಡು ಕ್ರಿಮಿಗಳಿವೆ, ನಿಜ. ಆದರೆ ಮೂಳೆಯನ್ನ ಕರಗಿಸಿದ್ದು ಅವಲ್ಲ, ನಿಮ್ಮ ದೇಹವೇ. ಕ್ರಿಮಿಗಳನ್ನ ಓಡಿಸೋಕೆ ರಕ್ತದಿಂದ ಬಿಳಿ ಕಣಗಳು ಬರ್ತವೆ. ಅವು ಒಂದಕ್ಕೊಂದು ಕಳಿಸೋ ಸಂದೇಶಗಳು ಮೂಳೆ ಕರಗಿಸೋ ಜೀವಕೋಶಗಳನ್ನೂ ಎಬ್ಬಿಸ್ತವೆ. ನೀವು ಬೆಂಕಿ ಕೆಲಸದವರಲ್ವಾ? ಬೆಂಕಿ ಮುಂದಕ್ಕೆ ಹಬ್ಬದಿರಲಿ ಅಂತ ಪಕ್ಕದ ಗೋಡೆ ನೀವೇ ಕೆಡವೋದುಂಟಾ?"

"ಉಂಟು. ಮಧ್ಯೆ ಜಾಗ ಖಾಲಿ ಮಾಡ್ತೀವಿ."

"ಹಾಗೇ ಇದು. ಕ್ರಿಮಿ ಮುಂದೆ ಬಂದಷ್ಟೂ ಮೂಳೆ ಹಿಂದೆ ಸರಿಯುತ್ತೆ. ಬೆಂಕಿ ಆರಿದರೆ ಕೆಡವೋದು ನಿಲ್ಲುತ್ತೆ. ಆರದೆ ವರ್ಷಗಟ್ಟಲೆ ಹೊಗೆಯಾಡ್ತಾ ಇದ್ರೆ ಕೆಡವೋರು ಕೆಡವ್ತಾನೇ ಇರ್ತಾರೆ."

ಅವನಿಗೆ ಇದು ಚೆನ್ನಾಗಿ ಅರ್ಥವಾಯಿತು. ಬೆಂಕಿಗಿಂತ ತಾವು ಹೊಡೆದ ನೀರಿನಿಂದಲೇ ಹೆಚ್ಚು ಸಾಮಾನು ಹಾಳಾದ ಮನೆಗಳನ್ನು ಅವನು ನೋಡಿದ್ದ. ಆ ಮನೆಯವರ ಮುಖಗಳನ್ನೂ ನೋಡಿದ್ದ.

"ಆರು ವರ್ಷದ ಹಿಂದೆ ಸಿಗರೇಟ್ ಬಿಟ್ಟೆ. ಅವಾಗಿಂದ ರಕ್ತ ಶುರುವಾಯ್ತು. ಬಿಟ್ಟಿದ್ದಕ್ಕೇ ಹಿಂಗಾಯ್ತು, ತಿರುಗಿ ಹಚ್ಚು ಅಂತಾನೆ ನಮ್ಮ ಡ್ರಮ್ಮಿನವನು."

"ಅವರಿಗೆ ಡ್ರಮ್ ಬಾರಿಸೋಕೆ ಹೇಳಿ" ಅಂದರು ಡಾಕ್ಟರು. "ಸಿಗರೇಟ್ ಸೇದೋರ ಒಸಡಿನಲ್ಲಿ ರಕ್ತ ಕಮ್ಮಿ ಕಾಣಿಸಿಕೊಳ್ಳುತ್ತೆ. ಒಳಗೆ ಮೂಳೆ ಹೋಗ್ತಾ ಇದ್ದರೂ ಹೊರಗೆ ಎಲ್ಲ ಸರಿಯಿದ್ದ ಹಾಗಿರುತ್ತೆ. ನೀವು ಬಿಟ್ಟ ಮೇಲೆ ಕಾಯಿಲೆ ಬಂದಿದ್ದಲ್ಲ. ಮೊದಲೇ ಇದ್ದದ್ದು ಕಣ್ಣಿಗೆ ಬಿತ್ತು, ಅಷ್ಟೆ."

ಹೆಂಡತಿ ಎಷ್ಟೋ ವರ್ಷ ಬೇಡಿಕೊಂಡಿದ್ದಳು ಬಿಡು ಅಂತ. ಅವಳು ಹೋದ ಮೇಲೆ ಬಿಟ್ಟಿದ್ದ. ಅದನ್ನೂ ಅವಳಿಗೆ ಹೇಳಿರಲಿಲ್ಲ.

"ನಂಗೆ ಒಂದೇ ಒಂದು ಬೇಕಾಗಿರೋದು, ಡಾಕ್ಟ್ರೇ. ಮುಂದಿನ ಈ ಎರಡು ಉಳೀಬೇಕು. ಬೇರೆ ಯಾವುದನ್ನ ಬೇಕಾದ್ರೂ ತೆಗೀರಿ."

"ಬೇರೆಯವನ್ನ ತೆಗೆಯೋ ಅಗತ್ಯ ಇಲ್ಲ. ಈ ಎರಡೇ ಕಷ್ಟದಲ್ಲಿರೋದು. ಮೊದಲು ಒಸಡಿನ ಕೆಳಗೆ ಪೂರ್ತಿ ಶುಚಿ ಮಾಡೋಣ. ನೀವು ಮನೆಯಲ್ಲಿ ಸರಿಯಾಗಿ ಉಜ್ಜಬೇಕು, ರಕ್ತ ಬಂದರೂ ಹೆದರದೆ. ಎರಡು ತಿಂಗಳ ಮೇಲೆ ಮತ್ತೆ ಅಳೆದು ನೋಡ್ತೀನಿ. ಅಲ್ಲಿ ತನಕ ಊದಬೇಡಿ. ಬರುವಾಗ ನಿಮ್ಮ ವಾದ್ಯ ತನ್ನಿ. ಹೇಗೆ ಕಚ್ಚುತ್ತೀರಿ ನೋಡಬೇಕು."

"ನೆನಪಿನ ದಿನಕ್ಕೆ ಊದಬಹುದಾ?"

ಕೆಲಸದಲ್ಲಿ ಸತ್ತ ಬೆಂಕಿ ಪಡೆಯವರನ್ನು ನೆನೆಯಲು ದಳ ವರ್ಷಕ್ಕೊಮ್ಮೆ ಸೇರುತ್ತಿತ್ತು. ಅವತ್ತಿನ ರಚನೆ ಕ್ಲಾರಿನೆಟ್‌ನ ಒಂದೇ ಒಂದು ಕೆಳ ಸ್ವರದಿಂದ, ಬೇರಾವ ವಾದ್ಯವೂ ಇಲ್ಲದೆ, ಶುರುವಾಗುತ್ತದೆ. ಅದನ್ನು ಹಾಗೆ ಸಂಯೋಜಿಸಿದವಳು ಹೆಂಡತಿಯೇ.

"ಆ ಮಾತು ಎರಡು ತಿಂಗಳ ಮೇಲೆ" ಅಂದರು ಡಾಕ್ಟರು.

*

ಮರಗಟ್ಟಿಸುವ ಸೂಜಿ ಚುಚ್ಚಿ, ಬಾಯಿಯ ಒಂದೊಂದು ಮಗ್ಗುಲನ್ನು ಒಂದೊಂದು ದಿನ ಶುಚಿ ಮಾಡಿದರು. ಊತ ಇಳಿದಂತೆ ಒಸಡು ಮೇಲೆ ಸರಿದು ಹಲ್ಲು ಉದ್ದವಾದಂತೆ ಕಂಡವು. ತಣ್ಣೀರು ತಾಗಿದರೆ ಜುಂ ಅನ್ನುತ್ತಿತ್ತು. ರಕ್ತ ನಿಂತಿತು. ಬಲಗಡೆಯ ಹಲ್ಲು ಅಲ್ಲಾಡುವುದು ಕಡಿಮೆಯಾಯಿತು, ನಿಲ್ಲಲಿಲ್ಲ.

ಅಭ್ಯಾಸದ ಹೊತ್ತಿಗೆ ಅವನು ಬ್ಯಾಂಡಿನ ಕೋಣೆಗೆ ಹೋಗಿ ಕೂರುತ್ತಿದ್ದ. ಉಸಿರು ಹಾಕದೆ ಬೆರಳು ಮಾತ್ರ ಆಡಿಸುತ್ತಿದ್ದ. ಕಿಟಕಿಯಾಚೆ ಎತ್ತರದ ಗೋಪುರದಿಂದ ನೀರು ಹೊಡೆಯುವ ಒದ್ದೆ ಕ್ಯಾನ್ವಾಸ್ ಪೈಪುಗಳು ಒಣಗಲು ತೂಗುಬಿದ್ದಿರುತ್ತಿದ್ದವು.

"ಮೂಕ ಸಿನಿಮಾದಲ್ಲಿ ಪಾರ್ಟು ಸಿಕ್ತೇನೋ?" ಅಂದ ಡ್ರಮ್ಮಿನವನು.

"ಹೂಂ. ನಿನ್ನದೂ ಮೂಕ ಡ್ರಮ್ಮಾದ್ರೆ ಊರಿಗೆ ಒಳ್ಳೇದು."

ಡ್ರಮ್ಮಿನವನು ನಕ್ಕು, ಆಮೇಲೆ ಪಕ್ಕದಲ್ಲಿ ಕೂತ. "ಬೇರೆ ಮೌತ್‌ಪೀಸ್ ತಗೋಬಾರದೇನೋ? ಇದರ ಬೆನ್ನು ಸವೆದು ಗುಂಡಿ ಬಿದ್ದಿದೆ. ಅದಕ್ಕೆ ತಲೆ ವಾಲಿಸಿಕೊಂಡು ಯಾಕೆ ಒದ್ದಾಡ್ತೀಯ?"

ಪೀಪಿ ಮತ್ತೆ ಬೆರಳಾಡಿಸತೊಡಗಿದ. ಡ್ರಮ್ಮಿನವನಿಗೆ ಕಾರಣ ಗೊತ್ತಿತ್ತೇನೋ, ಎದ್ದು ತನ್ನ ಡ್ರಮ್ಮಿನ ಕಡೆ ಹೋದ.

ಊದದೆ ಕೂತಾಗ ನೆನಪಿಗೆ ಬೇಕಾದಷ್ಟು ಪುರುಸೊತ್ತು. ಮದುವೆಯಾದ ಹೊಸತರಲ್ಲಿ ಅವಳು ಬಾಯಿ ತುಂಬ ನಗುತ್ತಿದ್ದಳು. ಆ ತಿರುಗಿದ ಹಲ್ಲು ಕಾಣುವಂತೆ, ತಲೆ ಹಿಂದಕ್ಕೆ ಹಾಕಿ, ಪಕ್ಕದ ಮನೆಯವರು ಕೇಳಿಸಿಕೊಂಡು ತಾವೂ ನಗುವಂತೆ. ಅವಳು ಹೋಗುವ ಮುಂಚಿನ ಎರಡು ಮೂರು ವರ್ಷದಲ್ಲಿ ಅದು ಕಡಿಮೆಯಾಯಿತು. ಅವನೇನಾದರೂ ತಮಾಷೆ ಹೇಳಿದರೆ ಕೈ ಬಾಯಿಗೆ ಅಡ್ಡ ಬರುತ್ತಿತ್ತು. ಕೈಯ ಹಿಂದೆ ನಗು ಇದೆಯೋ ಆಕಳಿಕೆ ಇದೆಯೋ ಅವನಿಗೆ ತಿಳಿಯುತ್ತಿರಲಿಲ್ಲ. ಸಂಜೆ ಇಬ್ಬರೂ ಕೂತು ಊದುವುದಿತ್ತು, ಅದನ್ನೂ ಬಿಟ್ಟಳು. 'ದಿನಾ ಕಲಿಸಿ ಸಾಕಾಗಿರುತ್ತೆ, ಮನೇಲೂ ಅದೇ ಆಗ್ಬೇಕಾ?' ಅಂದಿದ್ದಳು. ತನ್ನ ಮಾತು, ತನ್ನ ಸ್ವರ, ಎರಡೂ ಅವಳಿಗೆ ಹಳಸಿವೆ ಅಂದುಕೊಂಡ. ಹಳಸಿದ್ದನ್ನು ಮತ್ತೆ ಮತ್ತೆ ಬಡಿಸುವುದೇಕೆ ಅಂತ ತಮಾಷೆ ಹೇಳುವುದನ್ನೇ ನಿಲ್ಲಿಸಿದ.

*

ಎರಡು ತಿಂಗಳ ಮೇಲಿನ ಭೇಟಿಗೆ ಕ್ಲಾರಿನೆಟ್ ಒಯ್ದ. ಡಾಕ್ಟರು ಕಡ್ಡಿ ಇಳಿಸಿ ಮತ್ತೆ ಅಳೆದರು. ಅಂಕಿಗಳು ಇಳಿದಿದ್ದವು. "ಬೆಂಕಿ ಆರಿದೆ" ಅಂದರು. ಆಮೇಲೆ ನೀಲಿ ಬಣ್ಣ ಬಳಿದ ತೆಳು ಕಾಗದವೊಂದನ್ನು ಮೌತ್‌ಪೀಸಿನ ಮೇಲಿಟ್ಟು, ಊದುವಾಗಿನಂತೆ ಕಚ್ಚಲು ಹೇಳಿದರು. ಕಚ್ಚಿದ. ಕಾಗದ ತೆಗೆದರೆ ಹಲ್ಲು ತಗುಲಿದಲ್ಲೆಲ್ಲ ನೀಲಿ ಗುರುತು. ಗುರುತುಗಳು ಗುಳಿಗಳ ಒಳಗಿರಲಿಲ್ಲ, ಅವುಗಳ ಅಂಚಿನ ಮೇಲಿದ್ದವು.

ಡಾಕ್ಟರು ಭೂತಗನ್ನಡಿಯ ದೀಪವನ್ನು ಎಳೆದುಕೊಂಡು ಬಹಳ ಹೊತ್ತು ನೋಡಿದರು.

"ಈ ಗುಳಿಗಳು ನಿಮ್ಮವಲ್ಲ."

"ಅಲ್ಲ."

"ಯಾರದೋ ಹಲ್ಲಿನ ಜಾಗದಲ್ಲಿ ನಿಮ್ಮ ಹಲ್ಲು ಕೂರಿಸೋಕೆ ಹೋಗಿ, ಬರೀ ಅಂಚಿನ ಮೇಲೆ ಓರೆಯಾಗಿ ಭಾರ ಹಾಕಿದ್ದೀರಿ. ಕಾಯಿಲೆ ಇದರಿಂದ ಬಂದಿದ್ದಲ್ಲ. ಆದರೆ ಮೂಳೆ ಇಳಿದ ಹಲ್ಲಿನ ಮೇಲೆ ಈ ಭಾರ ಬಿದ್ದರೆ ಅಲ್ಲಾಡದೆ ಇನ್ನೇನು ಮಾಡುತ್ತೆ?" ಅವರು ಮೌತ್‌ಪೀಸನ್ನು ದೀಪದ ಕೆಳಗೆ ತಿರುಗಿಸಿದರು. "ಇದು ಯಾರದು?"

"ನನ್ನ ಹೆಂಡತಿದು."

"ಅವರ ಮುಂಬಲ್ಲಿನ ಮಧ್ಯೆ ಸಂದಿ ಇತ್ತಾ?"

"ಇಲ್ಲ. ಒಂದು ಸ್ವಲ್ಪ ತಿರುಗಿತ್ತು, ಅಷ್ಟೆ. ಸಂದಿ ಇರಲಿಲ್ಲ."

"ಬನ್ನಿ ಇಲ್ಲಿ, ನೋಡಿ."

ಗಾಜಿನ ಕೆಳಗೆ ಅವನಿಗೆ ಚಿರಪರಿಚಿತವಾದ ಎರಡು ಗುಳಿಗಳು ಬಾವಿಯಷ್ಟು ದೊಡ್ಡದಾಗಿ ಕಂಡವು. ಡಾಕ್ಟರು ಕಡ್ಡಿಯ ತುದಿಯಿಂದ ಅವುಗಳ ಹೊರಮಗ್ಗುಲನ್ನು ತೋರಿಸಿದರು. ಅಲ್ಲಿ ಇನ್ನೂ ಎರಡು ಗುರುತುಗಳಿದ್ದವು. ಆಳವಿಲ್ಲ, ಉಗುರಿನಿಂದ ಗೀರಿದಷ್ಟೇ. ಮೊದಲ ಜೋಡಿಗಿಂತ ಒಂದಕ್ಕೊಂದು ದೂರ. ಎಡಗಡೆಯದು ಮಾತ್ರ ದೊಡ್ಡ ಗುಳಿಯಷ್ಟೇ ಓರೆ.

"ಓರೆ ಒಂದೇ ಥರ ಇದೆ, ಅಂದರೆ ಅದೇ ಹಲ್ಲು. ಆಳದ ಜೋಡಿ ಬಹಳ ವರ್ಷದ್ದು. ಈ ಹಗುರದ್ದು ಆಮೇಲಿನದು, ಸ್ವಲ್ಪ ಕಾಲದ್ದು. ಹಲ್ಲು ಎರಡೂ ಪಕ್ಕಕ್ಕೆ, ಮುಂದಕ್ಕೆ ಸರಿದಿವೆ. ದೊಡ್ಡವರಲ್ಲಿ ಮುಂಬಲ್ಲು ಹೀಗೆ ಬಿಟ್ಟುಕೊಂಡರೆ ನಾವು ಮೊದಲು ನೋಡೋದು ಮೂಳೆಯನ್ನ. ಬಾಯಿ ನೋಡದೆ ಹೀಗೇ ಅಂತ ಹೇಳಲಾರೆ. ಆದರೆ ಅವರಿಗೂ ಇದೇ ಇತ್ತು ಅನ್ನಿಸುತ್ತೆ."

"ನನ್ನಿಂದ ಹೋಯ್ತಾ ಅವಳಿಗೆ?"

"ಒಂದೇ ಮನೆಯವರ ಬಾಯಲ್ಲಿ ಒಂದೇ ಜಾತಿಯ ಕ್ರಿಮಿ ಸಿಗೋದುಂಟು. ಯಾರಿಂದ ಯಾರಿಗೆ ಅಂತ ಯಾರೂ ಹೇಳೋಕಾಗಲ್ಲ. ಅದೂ ಅಲ್ಲದೆ, ಅದೇ ಕ್ರಿಮಿ ಇಟ್ಟುಕೊಂಡು ಒಬ್ಬರ ಮೂಳೆ ಗಟ್ಟಿಯಾಗಿರುತ್ತೆ, ಇನ್ನೊಬ್ಬರದು ಕರಗುತ್ತೆ. ಅವರವರ ದೇಹ ಎಷ್ಟು ಗಾಬರಿ ಬೀಳುತ್ತೆ ಅನ್ನೋದರ ಮೇಲಿದೆ."

ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಲಿಲ್ಲ. ಮೌತ್‌ಪೀಸನ್ನು ಅಂಗೈಯಲ್ಲಿ ಹಿಡಿದು ನೋಡುತ್ತಲೇ ಇದ್ದ. ಆರು ವರ್ಷ ದಿನಾ ಬಾಯಿಗಿಟ್ಟುಕೊಂಡದ್ದು. ಹಲ್ಲಿಗೆ ಚರ್ಮವಿಲ್ಲ, ಅಷ್ಟು ಸಣ್ಣ ಗುರುತು ಅದಕ್ಕೆ ತಿಳಿಯುವುದಿಲ್ಲ.

"ನಿಮ್ಮ ಎರಡು ಹಲ್ಲು ಉಳಿಸಬಹುದು" ಅಂದರು ಡಾಕ್ಟರು. "ಹಿಂದಿನಿಂದ ಸಣ್ಣ ತಂತಿ ಅಂಟಿಸಿ ಅಕ್ಕಪಕ್ಕದ ಹಲ್ಲಿಗೆ ಕಟ್ಟುತ್ತೀನಿ. ಜೋಪಾನ ಮಾಡಿದರೆ ಎಷ್ಟೋ ವರ್ಷ ಬರುತ್ತವೆ. ಆದರೆ ಈ ಗುಳಿಯಲ್ಲಿ ಇನ್ನು ಕಚ್ಚಬಾರದು. ಕಚ್ಚುತ್ತೀನಿ ಅಂದರೆ ಇವತ್ತೇ ಹೇಳಿಬಿಡಿ, ತಂತಿ ಕಟ್ಟೋದು ದಂಡ."

ಹಲ್ಲು ಬೇಕಾಗಿದ್ದದ್ದೇ ಆ ಗುಳಿಗಾಗಿ. ಈಗ ಗುಳಿ ಬಿಟ್ಟರೆ ಮಾತ್ರ ಹಲ್ಲು.

"ಯೋಚನೆ ಮಾಡಿ ಹೇಳ್ತೀನಿ" ಅಂದು ಎದ್ದ.

ಬಾಗಿಲ ಹತ್ತಿರ ನಾದಿನಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವನು ಅವಳನ್ನು ದಾಟಿ ಮೆಟ್ಟಿಲ ತನಕ ಹೋಗಿ ತಿರುಗಿದ.

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಭಾವ."

"ಒಂದು ಮಾತು ಹೇಳೋಕಾಗಲಿಲ್ವಾ?"

"ಅಕ್ಕನ ಬಾಯಿ ವಿಷ್ಯ ಅಕ್ಕನೇ ಹೇಳ್ಬೇಕು, ನಾನ್ಯಾಕೆ ಹೇಳ್ಲಿ? ಹೇಳಬಾರದು ಅಂತ ಆಣೆ ಬೇರೆ ಹಾಕಿಸಿಕೊಂಡಿದ್ಲು." ಅವಳ ದನಿ ಏರಿತು, ಸರದಿಯಲ್ಲಿದ್ದವರು ತಲೆಯೆತ್ತಿದರು. ಅವಳು ದನಿ ತಗ್ಗಿಸಿದಳು. "ಹಲ್ಲು ಬಿಟ್ಕೊಂಡಾಗ ಒಂದು ದಿನ ನಮ್ಮನೆ ಕನ್ನಡಿ ಮುಂದೆ ನಿಂತು, ಹೆಂಗೆ ನಕ್ಕರೆ ಕಾಣಿಸಲ್ಲ ಅಂತ ಅಭ್ಯಾಸ ಮಾಡ್ತಿದ್ಲು. ನಾನು ಬೈದೆ. ನಂತರ ಈ ಡಾಕ್ಟರ ಹತ್ರ ಬಾ ಅಂದ್ರೆ ಅಷ್ಟರಲ್ಲಿ ಬೇರೆ ಊರಿಗೆ ಹೋಗೋದು ಗಟ್ಟಿ ಮಾಡ್ಕೊಂಡಿದ್ಲು. ಅಲ್ಲಿ ತೆಗೆಸಿ ಬೇರೆ ಕಟ್ಟಿಸಿಕೊಂಡ್ಲು."

"ಕೈ ಅಡ್ಡ ಇಡ್ತಿದ್ಲಲ್ಲ, ನಗುವಾಗ."

"ಮತ್ತೆ? ನೀವೇನಂದ್ಕೊಂಡಿದ್ರಿ?"

ಅವನು ಮೆಟ್ಟಿಲಿಳಿದು ಬೀದಿಗೆ ಬಂದ. ಹೋಗುವ ಬರುವ ಜನರ ಬಾಯಿಗಳನ್ನೇ ನೋಡುತ್ತ ನಡೆದ. ಮಾತಾಡುವ ಬಾಯಿ, ಅಗಿಯುವ ಬಾಯಿ, ಬಸ್ಸಿನ ಕಿಟಕಿಯಲ್ಲಿ ನಗುತ್ತಿದ್ದ ಒಂದು ಬಾಯಿ.

*

ಬ್ಯಾಂಡಿನ ಕೋಣೆ ಮಧ್ಯಾಹ್ನ ಖಾಲಿಯಿರುತ್ತದೆ. ಬಾಗಿಲು ಹಾಕಿ, ಕ್ಲಾರಿನೆಟ್ ಜೋಡಿಸಿ ಮೊಣಕಾಲ ಮೇಲಿಟ್ಟುಕೊಂಡು ಫೋನ್ ಮಾಡಿದ. ಆ ಕಡೆ ಯಾರೋ ಮಕ್ಕಳು ಆರೋಹಣ ಅಭ್ಯಾಸ ಮಾಡುವ ಸದ್ದು. ಆಮೇಲೆ ಬಾಗಿಲು ಮುಚ್ಚಿದ ಸದ್ದು.

"ಪೀಪಿ? ಏನಾಯ್ತು? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಮೇಷ್ಟ್ರೇ. ನನ್ನ ಹಲ್ಲು ಅಲ್ಲಾಡ್ತಿದೆ."

"ಇಷ್ಟು ವರ್ಷದ ಮೇಲೆ ಫೋನ್ ಮಾಡಿ ಹೇಳೋ ಸುದ್ದಿ ನೋಡು. ಮುಂದಿನದಾ?"

"ಮುಂದಿನದೇ. ಎರಡೂ. ಒಸಡಿನ ಕಾಯಿಲೆ. ನಿಂಗೂ ಇತ್ತಂತೆ."

ಮುಚ್ಚಿದ ಬಾಗಿಲಾಚೆ ಮಗುವೊಂದು ಅದೇ ಸ್ವರದಲ್ಲಿ ಮತ್ತೆ ಮತ್ತೆ ಎಡವುತ್ತಿತ್ತು.

"ಬಾಯಿಬಡುಕಿ ನನ್ನ ತಂಗಿ" ಅಂದಳು.

"ಅವಳು ಬಾಯಿ ಬಿಡಲಿಲ್ಲ. ನಿನ್ನ ಮೌತ್‌ಪೀಸ್ ಹೇಳ್ತು. ಆಳದ ಗುಳಿ ಪಕ್ಕ ಇನ್ನೊಂದು ಜೋಡಿ ಇದೆ. ಡಾಕ್ಟರು ಗಾಜು ಹಿಡಿದು ತೋರಿಸಿದ್ರು."

"ಯಾವ ಮೌತ್‌ಪೀಸು? ಆ ಖಾನೇಲಿ ಬಿಟ್ಟಿದ್ದಾ? ಅಯ್ಯೋ, ಅದು ಸವೆದುಹೋಗಿತ್ತು ಅಂತ ಬಿಸಾಕಿ ಬಂದಿದ್ದು ಕಣೋ! ಅದರಲ್ಲಿ ಊದ್ತಿದೀಯಾ?"

"ಆರು ವರ್ಷದಿಂದ."

"ಹುಚ್ಚ" ಅಂದಳು. ಆಮೇಲೆ ಇನ್ನೊಮ್ಮೆ, ಮೆಲ್ಲಗೆ, "ಹುಚ್ಚ."

"ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ನಿಂಗೆ ಊದೋಕೆ ಕಲಿಸಿದೋಳು ನಾನು. ಹೀಗೆ ಹಲ್ಲಿಡು, ಹೀಗೆ ತುಟಿ ಮಡಚು ಅಂತ. ಅದೇ ಬಾಯಿ ಹೋಗ್ತಾ ಇದೆ ಅಂದ್ರೆ ನಿನ್ನೆದುರು ಯಾವ ಮುಖ ಇಟ್ಕೊಂಡು ನಿಲ್ಲಲಿ? ಕೈ ಅಡ್ಡ ಇಟ್ಟೆ. ಒಂದ್ಸಲ ಇಟ್ಟ ಮೇಲೆ ತೆಗೆಯೋಕೆ ಆಗಲಿಲ್ಲ." ಅವಳು ಉಸಿರೆಳೆದುಕೊಂಡಳು. "ಅಷ್ಟರಲ್ಲಿ ನೀನು ತಮಾಷೆ ಮಾಡೋದೇ ನಿಲ್ಲಿಸಿದೆ. ನನ್ನ ಬಾಯಿ ನೋಡೋಕೆ ಬೇಸರ ಆಯ್ತೇನೋ ಅಂದ್ಕೊಂಡೆ."

"ನಾನು ನಿಂಗೆ ನನ್ನ ಮಾತು ಬೇಸರ ಆಯ್ತು ಅಂದ್ಕೊಂಡೆ."

ಆಮೇಲೆ ಅವನ ಬಾಯಿಗೆ ನಾಯಿಯ ಕತೆ ಬಂತು. ಯಾಕೆ ಅದೇ ಬಂತೋ ಅವನಿಗೆ ತಿಳಿಯದು. ಕೋಲು ಜಾರಿದ್ದು, ನಾಯಿ ಹೆಜ್ಜೆ ಹಾಕಿದ್ದು, ಕನ್ನಡಕವಿಲ್ಲದ ಸಾಹೇಬರು ಸಲ್ಯೂಟ್ ಹೊಡೆದದ್ದು, ನಾಯಿ ಬಾಲ ನೆಟ್ಟಗೆ ಮಾಡಿ ಅದನ್ನು ಸ್ವೀಕರಿಸಿದ್ದು. ಕೊನೆಯದನ್ನು ಈಗಷ್ಟೇ ಸೇರಿಸಿದ.

ಅವಳು ನಕ್ಕಳು. ಮೊದಲು ತಡೆದುಕೊಂಡು, ಆಮೇಲೆ ತಡೆಯಲಾಗದೆ. ನಗು ಮುಗಿಯುವ ತನಕ ಅವನು ಅಲ್ಲಾಡದೆ ಕೂತಿದ್ದ.

"ಕೈ ಎಲ್ಲಿದೆ?" ಅಂತ ಕೇಳಿದ.

"ಯಾವ ಕೈ?"

"ನಿಂದು. ಈಗ."

"ಒಂದರಲ್ಲಿ ಫೋನಿದೆ."

"ಇನ್ನೊಂದು?"

"ಕೆಳಗಿಟ್ಟೆ" ಅಂದಳು.

ಕಿಟಕಿಯಾಚೆ ಯಾರೋ ಒಣಗಿದ ಪೈಪುಗಳನ್ನು ಇಳಿಸಿ ಸುತ್ತುತ್ತಿದ್ದರು.

"ನಾನು ಅಲ್ಲಿಗೆ ಬರೋದಿಲ್ಲ ಪೀಪಿ" ಅಂದಳು ಆಮೇಲೆ. "ಇಲ್ಲಿ ನಂದು ಅಂತ ಒಂದು ಆಗಿದೆ. ಈ ಮಕ್ಕಳು, ಈ ಕೆಲಸ. ಅದನ್ನ ಕೇಳ್ಬೇಡ."

"ಕೇಳೋಲ್ಲ." ಅದನ್ನೇ ಕೇಳಬೇಕೆಂದಿದ್ದ. "ಇನ್ನೊಂದು ಕೇಳ್ತೀನಿ. ಆ ಗುಳಿಯಲ್ಲಿ ಹಲ್ಲು ಊರಬಾರದು ಅಂತಾರೆ ಡಾಕ್ಟರು. ನೀನೀಗ ಹೆಂಗೆ ಊದ್ತೀಯ?"

"ಹಲ್ಲು ತಾಗಿಸೋದಿಲ್ಲ." ಅವಳ ದನಿಯಲ್ಲಿ ಹಳೆಯ ಮೇಷ್ಟ್ರು ಬಂದು ನಿಂತರು. "ಕೆಳಗಿನ ತುಟಿ ಮಡಚ್ತೀಯಲ್ಲ, ಹಾಗೇ ಮೇಲಿನದನ್ನೂ ಹಲ್ಲಿನ ಕೆಳಗೆ ಮಡಚು. ಎರಡು ತುಟಿ ಮಧ್ಯೆ ಹಿಡಿ. ಕೂತ್ಕೊಂಡೇ ಊದು, ವಾದ್ಯದ ಭಾರ ಮೊಣಕಾಲಿನ ಮೇಲಿರಲಿ. ಮೊದಲು ನೋಯುತ್ತೆ, ತುಟಿ ನಡುಗುತ್ತೆ. ಹಳಬರು ಹೀಗೇ ಊದ್ತಿದ್ರು. ಫೋನ್ ಮೇಜಿನ ಮೇಲಿಡು. ಆ ಕೆಳ ಸ್ವರ ಹಿಡಿ, ನೆನಪಿನ ದಿನದ್ದು."

ಅವನು ಫೋನನ್ನು ಮೇಜಿನ ಮೇಲಿಟ್ಟ. ಮೇಲಿನ ತುಟಿ ಮಡಚಿ ಊದಿದ. ಮೊದಲ ದಿನದ ಕೀಚಲು ಸದ್ದೇ ಬಂತು.

"ಪೀಪಿ ಅಂತ ಸುಮ್ನೆ ಇಟ್ನಾ ಹೆಸರು?" ಅಂತು ಫೋನು. "ತಲೆ ವಾಲಿಸಿದೀಯ. ನಂಗಿಲ್ಲಿಂದ ಕೇಳ್ಸುತ್ತೆ. ನೆಟ್ಟಗೆ ಕೂರು. ಇನ್ನೊಂದ್ಸಲ."

ನೆಟ್ಟಗೆ ಕೂತ. ತುಟಿಯ ಒಳಮೈಯನ್ನು ಮೌತ್‌ಪೀಸಿನ ಬೆನ್ನಿಗಿಟ್ಟ. ಆರು ವರ್ಷ ಹಲ್ಲಿಗೆ ತಿಳಿಯದೆ ಇದ್ದದ್ದು ತುಟಿಗೆ ಒಂದೇ ಸಲಕ್ಕೆ ತಿಳಿಯಿತು: ಆಳದ ಎರಡು ಗುಳಿ, ಅವುಗಳಿಂದ ಒಂದಿಷ್ಟು ದೂರದಲ್ಲಿ ಹಗುರವಾದ ಇನ್ನೆರಡು, ಎಡಗಡೆಯದು ಓರೆ. ಅವನು ಉಸಿರು ತುಂಬಿಕೊಂಡು ಊದಿದ. ಸ್ವರ ನಡುಗಿತು, ನಿಂತಿತು. ತಲೆಯೊಳಗೆ ಏನೂ ಕೇಳಲಿಲ್ಲ. ಕೇಳಿದ್ದೆಲ್ಲ ಕೋಣೆಯಲ್ಲಿ, ಮೇಜಿನ ಮೇಲೆ, ಫೋನಿನ ಆಚೆ ಅವಳಿದ್ದ ಕಡೆಗೆ ಹೋಗುತ್ತಿತ್ತು.

ಉಸಿರು ಮುಗಿದಾಗ ಮೌತ್‌ಪೀಸಿನಿಂದ ತುಟಿ ತೆಗೆದ.

"ಹೂಂ" ಅಂದಳು. "ಮತ್ತೆ ಊದು."